ಎತ್ತುವ ಮುನ್ನ ಒಂದು ನಿಮಿಷ ನಿಲ್ಲಿ

ಅತ್ತೆಯೋ ಮಾವನೋ ಲಕ್ವ ಹೊಡೆದು ಹಾಸಿಗೆ ಹಿಡಿದರೆ ಆರೈಕೆಯ ಜವಾಬ್ದಾರಿ ಬೀಳುವುದು ಹೆಚ್ಚಾಗಿ ಮನೆಯ ಗೃಹಿಣಿಯ ಮೇಲೆಯೇ. ಮಾತ್ರೆ ಯಾವಾಗ, ಗಂಜಿ ಎಷ್ಟು ಎಂದೆಲ್ಲ ಡಾಕ್ಟರ ಹತ್ತಿರ ಕೇಳಿಕೊಂಡು ಬರುತ್ತೇವೆ. ಅವರನ್ನು ಎಬ್ಬಿಸಿ ಕೂರಿಸುವುದು ಹೇಗೆ ಅಂತ ಮಾತ್ರ ಕೇಳುವುದಿಲ್ಲ. ತಿಂಗಳು ಕಳೆಯುವಷ್ಟರಲ್ಲಿ ರೋಗಿ ಚೇತರಿಸಿಕೊಳ್ಳುತ್ತಿರುತ್ತಾರೆ, ನೋಡಿಕೊಂಡವಳು ಸೊಂಟ ಹಿಡಿದುಕೊಂಡು ಕೂತಿರುತ್ತಾಳೆ!

ತುಂಬಿದ ಗ್ಯಾಸ್ ಸಿಲಿಂಡರ್ ಸುಮಾರು 30 ಕೆ.ಜಿ. ತೂಗುತ್ತದೆ. ಅದನ್ನು ನಾವು ಎತ್ತುವುದಿಲ್ಲ, ಓರೆ ಮಾಡಿ ಉರುಳಿಸುತ್ತೇವೆ. 60 ಕೆ.ಜಿ.ಯ ಅತ್ತೆಯನ್ನು ಮಾತ್ರ ಕಂಕುಳಿಗೆ ಕೈ ಹಾಕಿ ಎತ್ತಲು ಹೊರಡುತ್ತೇವೆ. ರೋಗಿಯನ್ನು ಎತ್ತುವಾಗ ಒಬ್ಬರ ಮೇಲೆ ಬೀಳುವ ಭಾರ 16 ಕೆ.ಜಿ. ಮೀರಬಾರದು ಎಂದು 2007ರಲ್ಲಿ ಅಮೆರಿಕದ ತಜ್ಞ ಥಾಮಸ್ ವಾಟರ್ಸ್ ಲೆಕ್ಕ ಹಾಕಿದ್ದರು. ಅದೂ ಎಲ್ಲ ಅನುಕೂಲ ಇದ್ದಾಗ! ಹಾಗಾಗಿ ಎತ್ತಬೇಡಿ, ಹೊರಳಿಸಿ, ಸರಿಸಿ, ಆದಷ್ಟೂ ಅವರಿಂದಲೇ ಮಾಡಿಸಿ.

ಮೊದಲು ಇಷ್ಟು ನೋಡಿ

* ಕೆಲಸ: ಈಗ ಎಬ್ಬಿಸಲೇಬೇಕೆ? ಬೆಡ್‌ಪ್ಯಾನ್ ಸಾಕೆ?
* ರೋಗಿ: ಕಾಲೂರಬಲ್ಲರೇ? ಹೇಳಿದ್ದು ಅರ್ಥವಾಗುತ್ತಿದೆಯೇ? ನಿನ್ನೆ ನಿಂತವರು ಇವತ್ತು ನಿಲ್ಲಲಾರರು, ದಿನವೂ ನೋಡಿ.
* ಜಾಗ: ನೆಲ ಒದ್ದೆಯಿದೆಯೇ? ಕಾಲಿಗೆ ಸಿಗುವ ಕಾಲೊರಸು, ವೈರು ಇದೆಯೇ? ಗಾಲಿಕುರ್ಚಿಗೆ ಬ್ರೇಕ್ ಹಾಕಿದ್ದೀರಾ?
* ನೀವು: ಬೆನ್ನುನೋವು ಇದೆಯೇ? ಗರ್ಭಿಣಿಯೇ? ಸೆರಗು ಸಿಕ್ಕಿಸಿಕೊಂಡು, ಗೀರುವ ಬಳೆ ತೆಗೆದಿಡಿ.

ಮಗ್ಗುಲು ಬದಲಿಸಲು

ಯಾವ ಕಡೆ ಹೊರಳಿಸಬೇಕೋ ಆ ಕಡೆಯೇ ನಿಲ್ಲಿ. ಆಚೆ ಬದಿಯ ಮೊಣಕಾಲು ಮಡಿಸಿ, ಆ ಬದಿಯ ಕೈಯನ್ನು ಎದೆಯ ಮೇಲಿಡಿ. ಭುಜ ಮತ್ತು ಸೊಂಟಕ್ಕೆ ಕೈಕೊಟ್ಟು ನಿಮ್ಮತ್ತ ಹೊರಳಿಸಿ. ಎರಡು ಗಂಟೆಗೊಮ್ಮೆ ಹೀಗೆ ಮಗ್ಗುಲು ಬದಲಿಸುತ್ತಿದ್ದರೆ ಹಾಸಿಗೆ ಹುಣ್ಣು ಆಗುವ ಸಂಭವ ಕಡಿಮೆ. ಸೊಂಟದ ಮೂಳೆ ಮುರಿದಿದ್ದರೆ, ಆಪರೇಷನ್ ಆಗಿದ್ದರೆ ಡಾಕ್ಟರನ್ನು ಕೇಳದೆ ಹೊರಳಿಸಬೇಡಿ.

ಕೆಳಗೆ ಜಾರಿದವರನ್ನು ದಿಂಬಿನ ಕಡೆ ಸರಿಸಲು ಹಳೇ ಬೆಡ್‌ಶೀಟೇ ಸಾಕು. ಭುಜದಿಂದ ತೊಡೆಯವರೆಗೆ ಬರುವಂತೆ ಮಡಿಸಿ ಅವರ ಅಡಿಗೆ ಹಾಸಿ. ಇಬ್ಬರು ಎರಡೂ ಬದಿ ಹಿಡಿದು, ‘ಒಂದು, ಎರಡು, ಮೂರು’ ಎಂದು ಒಟ್ಟಿಗೆ ಜರುಗಿಸಿ.

ಕುರ್ಚಿಗೆ ಕೂರಿಸಲು

ಮೊದಲು ಮಂಚದ ಅಂಚಿನಲ್ಲಿ ಪಾದ ನೆಲಕ್ಕೆ ತಾಗುವಂತೆ ಕೂರಿಸಿ, ಒಂದೆರಡು ನಿಮಿಷ ಬಿಡಿ. ದಡಕ್ಕನೆ ಎಬ್ಬಿಸಿದರೆ ಬಿಪಿ ಇಳಿದು ತಲೆ ಸುತ್ತಬಹುದು. ಲಕ್ವ ಹೊಡೆದವರಾದರೆ ಕುರ್ಚಿಯನ್ನು ಬಲವಿರುವ ಬದಿಗೆ ಹಾಕಿ. ಸೋತ ಕೈಯನ್ನು ಎಳೆಯಲೇಬೇಡಿ, ಭುಜದ ಕೀಲು ಜಾರೀತು. ಅವರ ಸೊಂಟಕ್ಕೆ ಅಗಲವಾದ ಗಟ್ಟಿ ಬೆಲ್ಟ್ ಕಟ್ಟಿದರೆ ನಿಮಗೆ ಹಿಡಿತ ಸಿಗುತ್ತದೆ. ನಿಮ್ಮ ಕತ್ತಿಗೆ ಜೋತು ಬೀಳಲು ಬಿಡಬೇಡಿ. ನಿಮ್ಮ ಮಂಡಿ ಮಡಿಸಿ, ಬೆನ್ನು ಬಾಗಿಸದೆ ನಿಲ್ಲಿ. ತಿರುಗುವಾಗ ಸೊಂಟ ತಿರುಚದೆ ಪಾದಗಳನ್ನೇ ತಿರುಗಿಸಿ.

ಜಾರಿ ಬಿದ್ದರೆ?

ಬೀಳುತ್ತಿರುವವರನ್ನು ಹಿಡಿದು ನಿಲ್ಲಿಸಲು ಹೋದರೆ ಇಬ್ಬರೂ ಬೀಳುತ್ತೀರಿ. ಮೆಲ್ಲಗೆ ನೆಲಕ್ಕೆ ಇಳಿಯಬಿಡಿ, ತಲೆಗೆ ಪೆಟ್ಟಾಗದಂತೆ ನೋಡಿಕೊಳ್ಳಿ. ಗಾಬರಿಯಿಂದ ತಕ್ಷಣ ಎಬ್ಬಿಸಬೇಡಿ. ತಲೆಗೆ ಏಟಾಗಿದ್ದರೆ, ಕಾಲು ಅಲ್ಲಾಡಿಸಲು ಆಗದಿದ್ದರೆ ಹಾಗೇ ಮಲಗಿಸಿ 108ಕ್ಕೆ ಫೋನ್ ಮಾಡಿ.

ಆಸ್ಪತ್ರೆಯಿಂದ ಹೊರಡುವ ಮುನ್ನ ಫಿಸಿಯೋಥೆರಪಿಸ್ಟ್ ಬಳಿ ಇದನ್ನೆಲ್ಲ ಒಮ್ಮೆ ಮಾಡಿ ತೋರಿಸಲು ಕೇಳಿ. ಆಗ ಯಜಮಾನರೂ ಮಕ್ಕಳೂ ಜೊತೆಗಿರಲಿ. ಎತ್ತರ ಹೊಂದಿಸಬಹುದಾದ ಆಸ್ಪತ್ರೆ ಮಂಚ ಬಾಡಿಗೆಗೂ ಸಿಗುತ್ತದೆ, ಬಗ್ಗುವುದು ತಪ್ಪುತ್ತದೆ. ಇಬ್ಬರು ಬೇಕಾದ ಕೆಲಸಕ್ಕೆ ‘ಸ್ವಲ್ಪ ಬನ್ರೀ’ ಅಂತ ಕರೆಯಲು ಸಂಕೋಚವೇಕೆ? ನೀವೂ ಹಾಸಿಗೆ ಹಿಡಿದರೆ ಅತ್ತೆಯನ್ನು ನೋಡಿಕೊಳ್ಳುವವರು ಯಾರು?