ಹಳೇ ಡಿಕ್ರಿಗೆ ಎಷ್ಟು ವಯಸ್ಸು?

ಮುಂಗಾರಿಗೆ ಮೊದಲು, ಬೆಳೆಸಾಲಕ್ಕೆಂದು ಪಹಣಿ ತೆಗೆಸುವ ದಿನಗಳಲ್ಲಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ರೈತರು ಕೈಗೆ ಬಂದ ಹಾಳೆಯಲ್ಲಿ ಸರ್ವೆ ನಂಬರು, ಎಕರೆ ಗುಂಟೆ, ತಮ್ಮ ಹೆಸರು ಇಷ್ಟನ್ನು ನೋಡಿ ಮಡಚಿ ಜೇಬಿಗಿಡುತ್ತಾರೆ. ಬ್ಯಾಂಕಿನವರ ಕಣ್ಣು ಹೋಗುವುದು 11ನೇ ಕಾಲಂಗೆ. ಋಣಗಳನ್ನು ಬರೆಯುವ ಆ ಜಾಗದಲ್ಲಿ ಎಂದೋ ಆದ ಕೋರ್ಟ್ ಜಪ್ತಿಯ ಒಂದು ಸಾಲು ಕಂಡರೆ ಸಾಲದ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. “ಅದು ನಮ್ಮಪ್ಪನ ಕಾಲದ್ದು ಸರ್, ಈಗ ಅವರೇ ಇಲ್ಲ” ಅಂದರೆ ಕೇಳುವವರಿಲ್ಲ.

ಆ ಒಂದು ಸಾಲಿನ ಹಿಂದಿನ ಕಥೆ ಹೆಚ್ಚೂಕಡಿಮೆ ಎಲ್ಲ ಊರಲ್ಲೂ ಒಂದೇ. ಬೀಜ ಗೊಬ್ಬರಕ್ಕೋ ಬೋರ್‌ವೆಲ್‌ಗೋ ಮಗಳ ಮದುವೆಗೋ ಸಾಲ ಮಾಡಿ ಪ್ರಾಮಿಸರಿ ನೋಟಿಗೆ ಸಹಿ ಹಾಕಿದ್ದು. ಮಳೆ ಕೈಕೊಟ್ಟಿದ್ದು. ಕೋರ್ಟಿನಿಂದ ಸಮನ್ಸ್ ಬಂದಾಗ “ಹೋದ್ರೆ ಏನ್ ಹೇಳೋದು, ದುಡ್ಡಂತೂ ಇಲ್ಲ” ಎಂದು ಮನೆಯಲ್ಲೇ ಉಳಿದದ್ದು. ಹಾಜರಾಗದ ಪ್ರತಿವಾದಿಯ ಮೇಲೆ ಏಕಪಕ್ಷೀಯ ಡಿಕ್ರಿ ಆದದ್ದು. ಆಮೇಲೆ ಎರಡೂ ಕಡೆ ಮೌನ. ಎಂಟು ಹತ್ತು ವರ್ಷ ಕಳೆದು ಒಂದು ದಿನ ಕೋರ್ಟಿನ ಅಮೀನ ಕಾಗದ ಹಿಡಿದು ಓಣಿಗೆ ಬರುತ್ತಾನೆ.

ಹೀಗೆ ಬಂದ ಕಾಗದದ ಬಗ್ಗೆ ಅರಳಿಕಟ್ಟೆಯಲ್ಲಿ ಎರಡು ಮಾತು ಕೇಳುತ್ತವೆ. “ಮೂರು ವರ್ಷ ದಾಟಿತಲ್ಲ, ಸತ್ತ ಕಾಗದ ಅದು” ಎನ್ನುವುದು ಒಂದು. “ಡಿಕ್ರಿ ಆಯ್ತಂದ್ರೆ ಮುಗೀತು, ಮನೆ ಹೊಲ ಎಲ್ಲಾ ಹರಾಜು, ಮೇಲೆ ಜೈಲು” ಎನ್ನುವುದು ಇನ್ನೊಂದು. ಎರಡನ್ನೂ ನಂಬಿ ಕೆಟ್ಟವರಿದ್ದಾರೆ.

ಮೂರು ವರ್ಷದ ಲೆಕ್ಕ ನೋಟಿಗೆ ಸಂಬಂಧಿಸಿದ್ದು. ಕೈಸಾಲದ ವಸೂಲಿಗೆ ದಾವೆ ಹೂಡಲು 1963ರ ಕಾಲಮಿತಿ ಕಾಯ್ದೆ ಕೊಡುವ ವಾಯಿದೆ ಸಾಮಾನ್ಯವಾಗಿ ಅಷ್ಟು. ದಾವೆ ಗೆದ್ದು ಡಿಕ್ರಿ ಕೈಗೆ ಬಂದಮೇಲೆ ಆಯಸ್ಸು ಬೇರೆ. ಅದೇ ಕಾಯ್ದೆಯ 136ನೇ ವಿಧಿಯಂತೆ ಡಿಕ್ರಿ ಜಾರಿಗೆ ಯೋಗ್ಯವಾದ ದಿನದಿಂದ 12 ವರ್ಷದೊಳಗೆ ಸಾಲ ಕೊಟ್ಟವನು ಅಮಲ್ಜಾರಿ ಅರ್ಜಿ ಹಾಕಬಹುದು. ಕಂತಿನಲ್ಲಿ ಕಟ್ಟಲು ಹೇಳಿದ ಡಿಕ್ರಿಯಾದರೆ ಪ್ರತಿ ಕಂತು ತಪ್ಪಿದ ದಿನದಿಂದ ಆ ಕಂತಿನ ಲೆಕ್ಕ. 12 ವರ್ಷದೊಳಗೆ ಹಾಕಿದ ಅರ್ಜಿ ಇನ್ನೂ ನಡೆಯುತ್ತಿದ್ದರೆ, 15 ವರ್ಷ ಕಳೆದರೂ ಡಿಕ್ರಿ ಜೀವಂತ.

ಇಲ್ಲೊಂದು ಸೂಕ್ಷ್ಮವಿದೆ. ನಡುವೆ ಸ್ವಲ್ಪ ದುಡ್ಡು ಕಟ್ಟಿದರೆ ನೋಟಿನ ವಾಯಿದೆ ಹೊಸದಾಗಿ ಶುರುವಾಗುತ್ತದೆ. ಡಿಕ್ರಿಗೆ ಆ ನಿಯಮವಿಲ್ಲ. ಕಾಲಮಿತಿ ಕಾಯ್ದೆಯ 19ನೇ ಕಲಮಿನ ವಿವರಣೆಯೇ ಕೋರ್ಟ್ ಡಿಕ್ರಿಯ ಹಣವನ್ನು “ಸಾಲ” ಎಂಬ ಪದದಿಂದ ಹೊರಗಿಟ್ಟಿದೆ. “ಐದು ಸಾವಿರ ಕೊಟ್ಟರೆ ಹನ್ನೆರಡು ವರ್ಷ ಮತ್ತೆ ಮೊದಲಿಂದ” ಎಂದು ಹೆದರಿ ಕಟ್ಟದೇ ಇರುವ ಅಗತ್ಯವಿಲ್ಲ. ಆದರೆ ಮೋಸದಿಂದಲೋ ದಬ್ಬಾಳಿಕೆಯಿಂದಲೋ ಜಾರಿಯನ್ನು ತಡೆದವರಿಗೆ ವಾಯಿದೆಯ ಆಸರೆ ಸಿಗದಿರಬಹುದು. ಅಂಥ ಕಡೆ ಕೋರ್ಟು ಕಾಲ ವಿಸ್ತರಿಸಬಲ್ಲದು.

ಆದ್ದರಿಂದ ಅಮೀನ ಬಂದುಹೋದ ಮರುದಿನ ಮಾಡಬೇಕಾದ ಕೆಲಸ ಸಾವುಕಾರನ ಮನೆಗೆ ಓಡುವುದಲ್ಲ. ಕೋರ್ಟಿನ ನಕಲು ವಿಭಾಗದಲ್ಲಿ ಅರ್ಜಿ ಕೊಟ್ಟು ಡಿಕ್ರಿ, ತೀರ್ಪು ಮತ್ತು ಅಮಲ್ಜಾರಿ ಅರ್ಜಿಯ ದೃಢೀಕೃತ ನಕಲು ತೆಗೆಸುವುದು. ಕೇಸ್ ನಂಬರು ಗೊತ್ತಿದ್ದರೆ ಇ-ಕೋರ್ಟ್ಸ್ ಆ್ಯಪ್‌ನಲ್ಲೇ ಹಂತ ನೋಡಬಹುದು. ಕಾಗದ ಬಂದಮೇಲೆ ಹುಡುಕಬೇಕಾದ್ದು ತಾರೀಖುಗಳನ್ನು: ಡಿಕ್ರಿ ಯಾವಾಗ ಆಯಿತು, ಮೇಲ್ಮನವಿ ಇತ್ತೇ, ಅಮಲ್ಜಾರಿ ಅರ್ಜಿ ಎಂದು ಬಿತ್ತು, ಸಮನ್ಸ್ ಯಾರ ಕೈಗೆ ಮುಟ್ಟಿತು. ಹರಪನಹಳ್ಳಿಯವರು 1997ರಲ್ಲಿ ಬಳ್ಳಾರಿ ಬಿಟ್ಟು ದಾವಣಗೆರೆ ಜಿಲ್ಲೆಗೆ ಸೇರಿದರು, 2018ರಲ್ಲಿ ಬಳ್ಳಾರಿಗೆ ಮರಳಿದರು, 2021ರಲ್ಲಿ ವಿಜಯನಗರ ಜಿಲ್ಲೆಯವರಾದರು. ಜಿಲ್ಲೆ ಎಷ್ಟು ಸಲ ಬದಲಾದರೂ ಡಿಕ್ರಿಯ ತಾರೀಖು ಬದಲಾಗದು.

ಸಮನ್ಸ್ ಕೈಗೇ ಬಂದಿರಲಿಲ್ಲ, ಡಿಕ್ರಿ ಆದದ್ದು ಈಗಷ್ಟೇ ಗೊತ್ತಾಯಿತು ಎನ್ನುವವರಿಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 9ನೇ ಆದೇಶದ 13ನೇ ನಿಯಮದಲ್ಲಿ ದಾರಿಯಿದೆ. ಸಕಾರಣ ತೋರಿಸಿದರೆ ಏಕಪಕ್ಷೀಯ ಡಿಕ್ರಿ ರದ್ದಾಗಿ ದಾವೆ ಮತ್ತೆ ನಡೆಯುತ್ತದೆ. ವಾಯಿದೆ 30 ದಿನ. ಸಮನ್ಸ್ ಸರಿಯಾಗಿ ಜಾರಿಯಾಗದಿದ್ದರೆ ಡಿಕ್ರಿಯ ವಿಷಯ ತಿಳಿದ ದಿನದಿಂದ ಆ ಎಣಿಕೆ. ಅಮೀನ ತಂದ ಕಾಗದವನ್ನು ಜಂತಿಗೆ ಸಿಕ್ಕಿಸಿ ಮರೆತವರು ಕಳೆದುಕೊಳ್ಳುವುದು ಈ ಮೂವತ್ತು ದಿನವನ್ನೇ. ತಡವಾದರೆ ಪ್ರತಿ ದಿನಕ್ಕೂ ಕಾರಣ ಹೇಳಬೇಕಾಗುತ್ತದೆ.

ಆಮೇಲೆ ಬಡ್ಡಿಯ ಲೆಕ್ಕ. ಡಿಕ್ರಿಯ ನಂತರದ ಬಡ್ಡಿಯನ್ನು ಸಂಹಿತೆಯ 34ನೇ ಕಲಮು ಸಾಮಾನ್ಯ ಸಾಲಗಳಿಗೆ ವರ್ಷಕ್ಕೆ ಶೇ 6ಕ್ಕೆ ಮಿತಿಗೊಳಿಸಿದೆ. ವ್ಯಾಪಾರಿ ವ್ಯವಹಾರವಾದರೆ ದರ ಹೆಚ್ಚಿರಬಹುದು. ಡಿಕ್ರಿಯಲ್ಲಿ ಅಸಲು 50,000 ರೂಪಾಯಿ, ಬಡ್ಡಿ ಶೇ 6 ಎಂದಿದ್ದರೆ ವರ್ಷಕ್ಕೆ 3,000, ಹತ್ತು ವರ್ಷಕ್ಕೆ 30,000. ಖರ್ಚು ಬಿಟ್ಟು ಒಟ್ಟು 80,000. ಬಾಯಿಮಾತಿನಲ್ಲಿ ಲಕ್ಷ, ಎರಡು ಲಕ್ಷ ಎನ್ನುವವರ ಎದುರು ಡಿಕ್ರಿಯ ಹಾಳೆ ಇಟ್ಟು ಗುಣಿಸಿ ತೋರಿಸಲು ವಕೀಲರೇ ಬೇಕೆಂದಿಲ್ಲ.

ಇನ್ನು ಜಪ್ತಿ. ಸಂಹಿತೆಯ 60ನೇ ಕಲಮಿನಲ್ಲಿ ಮುಟ್ಟಬಾರದ ವಸ್ತುಗಳ ಉದ್ದನೆಯ ಪಟ್ಟಿಯೇ ಇದೆ. ಉಡುವ ಬಟ್ಟೆ, ಹಾಸಿಗೆ, ಅಡುಗೆ ಪಾತ್ರೆ. ಸಂಪ್ರದಾಯದಂತೆ ಹೆಣ್ಣುಮಕ್ಕಳು ಮೈಮೇಲಿಂದ ತೆಗೆಯಬಾರದ ಒಡವೆ. ಕುಶಲಕರ್ಮಿಯ ಉಪಕರಣ. ಬೇಸಾಯಗಾರನ ನೇಗಿಲು ಕುಂಟೆ, ಅವನ ಜೀವನೋಪಾಯಕ್ಕೆ ಬೇಕಾದ ಎತ್ತು, ಬಿತ್ತನೆ ಬೀಜ. ರೈತ ಅಥವಾ ಕೂಲಿಕಾರ ತಾನೇ ವಾಸವಿರುವ ಸ್ವಂತ ಮನೆ ಕೂಡ ಸಾಮಾನ್ಯ ಹಣದ ಡಿಕ್ರಿಗೆ ಸಿಗುವುದಿಲ್ಲ. ಅದೇ ಮನೆಯನ್ನು ಆ ಸಾಲಕ್ಕೇ ಅಡವಿಟ್ಟಿದ್ದರೆ ಮಾತು ಬೇರೆ. ಹೊಲಕ್ಕೆ ಈ ರಕ್ಷಣೆ ಇಲ್ಲ. ಪಹಣಿಯ ಆ ಸಾಲು ಬರುವುದು ಅಲ್ಲಿಂದಲೇ.

ಹಾಗೆಂದು ಹತ್ತು ಎಕರೆಯನ್ನೂ ಒಟ್ಟಿಗೆ ಹರಾಜಿಗೆ ಇಡಲಾಗದು. ಪಕ್ಕದ ಆಂಧ್ರದ್ದೊಂದು ಮೊಕದ್ದಮೆಯಲ್ಲಿ ಎರಡು ಸಾವಿರ ಚಿಲ್ಲರೆ ರೂಪಾಯಿಯ ಬಾಕಿಗೆ ಹತ್ತು ಎಕರೆ ಜಮೀನು 17,000 ರೂಪಾಯಿಗೆ ಹರಾಜಾಗಿತ್ತು. 1989ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಬಾಕಿ ತೀರುವಷ್ಟು ಭಾಗವನ್ನು ಮಾತ್ರ ಮಾರಬೇಕು, ಇದು ಕೋರ್ಟಿನ ಇಚ್ಛೆಗೆ ಬಿಟ್ಟದ್ದಲ್ಲ, ಅದರ ಕರ್ತವ್ಯ ಎಂದು ಅಂಬಟಿ ನರಸಯ್ಯ ಪ್ರಕರಣದ ಆ ತೀರ್ಪು ಹೇಳಿದೆ. ಹರಾಜು ಮುಗಿದಮೇಲೂ ಒಂದು ಬಾಗಿಲು ತೆರೆದಿರುತ್ತದೆ: 60 ದಿನದೊಳಗೆ ಡಿಕ್ರಿಯ ಬಾಕಿಯನ್ನೂ, ಖರೀದಿದಾರನಿಗೆ ಹರಾಜು ಮೊತ್ತದ ಶೇ 5ನ್ನೂ ಕೋರ್ಟಿಗೆ ಕಟ್ಟಿದರೆ ಮಾರಾಟ ರದ್ದಾಗುತ್ತದೆ.

ಜೈಲಿನ ಮಾತು ಎಲ್ಲಕ್ಕಿಂತ ಹೆಚ್ಚು ಹೆದರಿಸುವಂಥದ್ದು. 1980ರಲ್ಲಿ ಜಾಲಿ ಜಾರ್ಜ್ ವರ್ಗೀಸ್ ವಿರುದ್ಧ ಬ್ಯಾಂಕ್ ಆಫ್ ಕೊಚ್ಚಿನ್ ಪ್ರಕರಣದಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಇದನ್ನು ಬಿಡಿಸಿ ಹೇಳಿದರು: ಕೊಡಲಾಗದೆ ಬಾಕಿ ಉಳಿಸಿಕೊಂಡ ಬಡವನನ್ನು ಆ ಒಂದೇ ಕಾರಣಕ್ಕೆ ಸಿವಿಲ್ ಜೈಲಿಗೆ ಹಾಕುವುದು ಸಂವಿಧಾನದ 21ನೇ ವಿಧಿಗೆ ವಿರುದ್ಧ. ಕೈಯಲ್ಲಿ ದುಡ್ಡಿದ್ದೂ ಕೊಡದವನು, ಆಸ್ತಿ ಮುಚ್ಚಿಟ್ಟವನು ಬೇರೆ. ಅಂಥವನಿಗೂ ಮೊದಲು ನೋಟಿಸು, ವಿಚಾರಣೆ. ಹೆಂಗಸರನ್ನು ಹಣದ ಡಿಕ್ರಿಗಾಗಿ ಬಂಧಿಸುವಂತೆಯೇ ಇಲ್ಲ. ಬಂಧನ ಹೆಚ್ಚೆಂದರೆ ಮೂರು ತಿಂಗಳು, ಒಳಗಿದ್ದಷ್ಟು ದಿನದ ಊಟದ ಭತ್ಯೆ ಕಟ್ಟಬೇಕಾದವನು ಸಾಲ ಕೊಟ್ಟವನೇ. ಹೊರಗೆ ಬಂದವನ ಸಾಲ ಮಾತ್ರ ಹಾಗೇ ಉಳಿದಿರುತ್ತದೆ. ಇದೆಲ್ಲ ಸಿವಿಲ್ ಡಿಕ್ರಿಯ ಮಾತು. ಚೆಕ್ ಬೌನ್ಸ್ ಕ್ರಿಮಿನಲ್ ಪ್ರಕರಣ, ಅದಕ್ಕೂ ಇದಕ್ಕೂ ಗಂಟು ಹಾಕಬಾರದು.

ಅಪ್ಪನ ಸಾಲ ಮಗನ ತಲೆಗೆ ಬರುತ್ತದೆಯೇ? ಬರುತ್ತದೆ, ಅಪ್ಪನಿಂದ ಬಂದ ಆಸ್ತಿಯ ಮಟ್ಟಿಗೆ. ಮಗ ತಾನು ದುಡಿದು ಕೊಂಡದ್ದಕ್ಕೆ ಅದು ತಾಗುವುದಿಲ್ಲ.

ಹಳೇ ಡಿಕ್ರಿಯ ಕಾಟ ಈ ನೆಲಕ್ಕೆ ಹೊಸದೇನಲ್ಲ. 1953ರ ಅಕ್ಟೋಬರ್ 1ರವರೆಗೆ ಈ ಸೀಮೆಯೆಲ್ಲ ಮದರಾಸಿನ ಆಡಳಿತದಲ್ಲಿದ್ದ ಬಳ್ಳಾರಿ ಜಿಲ್ಲೆ. ರಾಜಾಜಿ ಸರ್ಕಾರ 1938ರಲ್ಲಿ ಮದರಾಸು ಕೃಷಿಕರ ಪರಿಹಾರ ಕಾಯ್ದೆ ತಂದಾಗ, 1932ರ ಅಕ್ಟೋಬರ್‌ಗೂ ಹಿಂದಿನ ಸಾಲಗಳ ಮೇಲೆ 1937ರ ಅಕ್ಟೋಬರ್‌ವರೆಗೆ ಬಾಕಿಯಿದ್ದ ಬಡ್ಡಿಯನ್ನೆಲ್ಲ ಹೊಡೆದುಹಾಕಲಾಯಿತು. ಅಂಥ ಸಾಲದಲ್ಲಿ ಅಸಲಿನ ಎರಡರಷ್ಟು ಕಟ್ಟಿದ್ದವನ ಸಾಲವೇ ತೀರಿತು. ಅದಾಗಲೇ ಆಗಿಹೋಗಿದ್ದ ಡಿಕ್ರಿಗಳನ್ನೂ ತಿದ್ದಿಸಿಕೊಳ್ಳಲು ಆ ಕಾಯ್ದೆ ರೈತನಿಗೆ ಅವಕಾಶ ಕೊಟ್ಟಿತ್ತು. ಮುಂದೆ ದೇವರಾಜ ಅರಸರ ಕಾಲದ 1976ರ ಋಣ ಪರಿಹಾರ ಕಾಯ್ದೆ, 2019ರ ಜುಲೈನಲ್ಲಿ ಜಾರಿಯಾದ 2018ರ ಕಾಯ್ದೆ ಬಂದವು. ಅವು ಒಂದು ಸಲದ ಪರಿಹಾರಗಳು, ಇಂದಿನ ಡಿಕ್ರಿಗೆ ಗುರಾಣಿಯಲ್ಲ. 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯಾಗಿ ಬಂದ ಕಿರುಸಾಲ ಕಾನೂನು ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಇಟ್ಟಿದೆ. ಮನೆ ಬಾಗಿಲಲ್ಲಿ ನಿಂತು ಬೈಯುವ ವಸೂಲಿಗಾರನಿಗೆ ಅದು ಉತ್ತರ. ಕೋರ್ಟಿನ ಅಮೀನನಿಗಲ್ಲ.

ಕೊಟ್ಟವನ ಕಡೆಯ ಗೋಳೂ ಇದೆ. ಡಿಕ್ರಿದಾರರೆಲ್ಲ ಮೀಟರ್ ಬಡ್ಡಿಯವರಲ್ಲ. ಉದ್ದರಿ ಕೊಟ್ಟು ಕೈಸುಟ್ಟುಕೊಂಡ ಗೊಬ್ಬರದ ಅಂಗಡಿಯವರು, ಗಂಡನ ಪರಿಹಾರದ ದುಡ್ಡನ್ನು ನಂಬಿ ಕೊಟ್ಟ ವಿಧವೆಯರು ಇದ್ದಾರೆ. ಭಾರತದಲ್ಲಿ ಕಕ್ಷಿದಾರನ ಕಷ್ಟ ಶುರುವಾಗುವುದೇ ಡಿಕ್ರಿ ಸಿಕ್ಕಮೇಲೆ ಎಂದು ಲಂಡನ್ನಿನ ಪ್ರಿವಿ ಕೌನ್ಸಿಲ್ 1872ರಲ್ಲೇ ಹೇಳಿತ್ತು. ಬೆಂಗಳೂರಿನ ಆಸ್ತಿ ವ್ಯಾಜ್ಯವೊಂದರಿಂದ ಹುಟ್ಟಿದ ರಾಹುಲ್ ಷಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರಲ್ಲಿ ಅಮಲ್ಜಾರಿ ಅರ್ಜಿಗಳನ್ನು ಆರು ತಿಂಗಳಲ್ಲಿ ಮುಗಿಸಬೇಕೆಂದಿತು. 2025ರಲ್ಲಿ ಲೆಕ್ಕ ಹಾಕಿಸಿದಾಗ ದೇಶದಲ್ಲಿ ಬಾಕಿ ಇದ್ದವು 8.8 ಲಕ್ಷಕ್ಕೂ ಹೆಚ್ಚು. ಇಷ್ಟು ಕಾಯುವುದಕ್ಕಿಂತ ಸ್ವಲ್ಪ ಬಿಟ್ಟು ಉಳಿದದ್ದನ್ನು ಬೇಗ ಪಡೆಯುವುದು ಮೇಲು ಎಂದು ಅನೇಕ ಡಿಕ್ರಿದಾರರೇ ರಾಜಿಗೆ ಬರುವುದು ಈ ಕಾರಣಕ್ಕೆ.

ರಾಜಿಯಲ್ಲೇ ಹೆಚ್ಚಿನವರು ಎಡವುವುದು. ಊರ ಹಿರಿಯರ ಎದುರು ದುಡ್ಡು ಎಣಿಸಿ, ಎಲೆ ಅಡಿಕೆ ಹಂಚಿ ಎದ್ದು ಬಂದರೆ ಕೋರ್ಟಿನ ಲೆಕ್ಕದಲ್ಲಿ ಒಂದು ಪೈಸೆಯೂ ಕಟ್ಟಿದಂತಾಗಲಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶದ 2ನೇ ನಿಯಮದಂತೆ, ಹೊರಗೆ ಕೊಟ್ಟ ಹಣ ಕೋರ್ಟಿನಲ್ಲಿ ದಾಖಲಾಗದಿದ್ದರೆ ಅಮಲ್ಜಾರಿ ಕೋರ್ಟು ಅದನ್ನು ಗಣನೆಗೆ ತೆಗೆದುಕೊಳ್ಳುವಂತಿಲ್ಲ. ಡಿಕ್ರಿದಾರ ತಾನಾಗಿ ತಿಳಿಸದಿದ್ದರೆ ಸಾಲಗಾರ 30 ದಿನದೊಳಗೆ ಅರ್ಜಿ ಹಾಕಿ ದಾಖಲಿಸಬೇಕು. ನೇರ ಕೋರ್ಟಿಗೆ ಕಟ್ಟಿದರೆ ಈ ತಾಪತ್ರಯವಿಲ್ಲ. ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಅದೂ ಡಿಕ್ರಿಯಷ್ಟೇ ಗಟ್ಟಿ, ಮೇಲ್ಮನವಿಯೂ ಇಲ್ಲ. ವಕೀಲರ ಫೀಸಿಗೆ ದುಡ್ಡಿಲ್ಲದವರಿಗೆ ತಾಲೂಕು ಕಾನೂನು ಸೇವಾ ಸಮಿತಿಯಿದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ. ಸಹಾಯವಾಣಿ 15100.

ಪೂರ್ಣ ಸಂದಾಯವೆಂದು ಆದೇಶವಾದ ದಿನ ಜಪ್ತಿ ಬಿಡುಗಡೆಯ ಮಾತನ್ನೂ ಅದರಲ್ಲಿ ಬರೆಸಿಕೊಳ್ಳಬೇಕು. ಆ ಆದೇಶದ ದೃಢೀಕೃತ ನಕಲನ್ನು ತಹಶೀಲ್ದಾರ್ ಕಚೇರಿಗೂ ಸಬ್ ರಿಜಿಸ್ಟ್ರಾರ್ ಕಚೇರಿಗೂ ಕೊಟ್ಟು ಸ್ವೀಕೃತಿ ಪಡೆಯಬೇಕು. ಕೋರ್ಟಿನಲ್ಲಿ ಸಾಲ ತೀರಿದರೂ ಪಹಣಿಯಲ್ಲಿನ ಸಾಲು ತಾನಾಗಿ ಅಳಿಯುವುದಿಲ್ಲ. ಮುಂದಿನ ಮುಂಗಾರಿಗೆ ಬ್ಯಾಂಕಿನವರು ಮೊದಲು ನೋಡುವುದು ಮತ್ತೆ ಅದೇ 11ನೇ ಕಾಲಂ.