ಫ್ಯೂಸ್ ಇದ್ದರೆ ಸಾಕೆ?



ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿದೀಪಗಳು ಬೆಳಗಿದ್ದು 1905ರಲ್ಲಿ. ಇಂದು ಯಲಹಂಕ, ಹೆಬ್ಬಾಳ, ಯಶವಂತಪುರ, ಆರ್.ಟಿ. ನಗರಗಳ ಮನೆಗಳಲ್ಲಿ ಗೀಸರ್, ಫ್ರಿಜ್, ಸಂಪಿನ ಮೋಟಾರು ಎಲ್ಲವೂ ಸಾಮಾನ್ಯ. ಇಂಥ ಮನೆಗಳ ವೈರಿಂಗ್ ಪರೀಕ್ಷಿಸುವಾಗ ಮತ್ತೆ ಮತ್ತೆ ಕಾಣುವ ದೋಷವೊಂದಿದೆ: ಹೆಸರಿಗೆ ಮಾತ್ರ ಇರುವ ಅರ್ಥ್ ತಂತಿ.

ಗೀಸರಿನೊಳಗಿನ ಕಾಯಿಲ್ ಹಾಳಾಗಿ ಬಿರುಕು ಬಿಟ್ಟರೆ ಲೋಹದ ಭಾಗಗಳಿಗೂ ನೀರಿಗೂ ವಿದ್ಯುತ್ ಹರಿಯಬಹುದು. ಅರ್ಥ್ ಸರಿಯಿದ್ದರೆ ಅದು ಸುಲಭದ ದಾರಿ ಹಿಡಿದು ನೆಲ ಸೇರುತ್ತದೆ. ಇಲ್ಲದಿದ್ದರೆ ಮುಟ್ಟಿದವರ ದೇಹವೇ ದಾರಿಯಾಗುತ್ತದೆ.

"ಆಗ ಫ್ಯೂಸ್ ಹೋಗುವುದಿಲ್ಲವೆ?" ಎಂದು ನೀವು ಕೇಳಬಹುದು. ಲೆಕ್ಕ ಹಾಕಿ ನೋಡಿ. ಮನೆಯ ವಿದ್ಯುತ್ತು 230 ವೋಲ್ಟ್. ಒದ್ದೆ ಮೈಯ ರೋಧ ಸುಮಾರು 1000 ಓಮ್ ಎಂದಿಟ್ಟುಕೊಳ್ಳಿ. ಓಮ್‌ನ ನಿಯಮದಂತೆ ದೇಹದಲ್ಲಿ ಹರಿಯುವ ಪ್ರವಾಹ 0.23 ಆಂಪಿಯರ್, ಅಂದರೆ 230 ಮಿಲಿಆಂಪಿಯರ್. 16 ಆಂಪಿಯರಿನ ಫ್ಯೂಸಿಗೆ ಅಥವಾ ಎಂ.ಸಿ.ಬಿ.ಗೆ ಇದು ಲೆಕ್ಕಕ್ಕೇ ಇಲ್ಲ. ಆದರೆ ಹೃದಯದ ಬಡಿತ ತಪ್ಪಿಸಲು ಇದರ ಅರ್ಧವೇ ಸಾಕು! ಫ್ಯೂಸು ಕಾಪಾಡುವುದು ತಂತಿಯನ್ನು, ಮನುಷ್ಯರನ್ನಲ್ಲ.

ಮನುಷ್ಯರ ರಕ್ಷಣೆಗೆ ಆರ್.ಸಿ.ಸಿ.ಬಿ. ಎಂಬ ಸಾಧನವಿದೆ. ಫೇಸ್ ತಂತಿಯಲ್ಲಿ ಹೋದಷ್ಟೇ ಪ್ರವಾಹ ನ್ಯೂಟ್ರಲ್‌ನಲ್ಲಿ ಮರಳಬೇಕಷ್ಟೆ? 30 ಮಿಲಿಆಂಪಿಯರಿನ ವ್ಯತ್ಯಾಸ ಕಂಡರೂ ಅದು ಕ್ಷಣಮಾತ್ರದಲ್ಲಿ ವಿದ್ಯುತ್ತನ್ನು ನಿಲ್ಲಿಸುತ್ತದೆ.

ಅರ್ಥ್ ಕೈಕೊಡುವುದು ಹೇಗೆ? ಪ್ಲಗ್ಗಿನ ಮೂರನೆಯ ದಪ್ಪ ಪಿನ್ನಿಗೆ ತಂತಿಯನ್ನೇ ಜೋಡಿಸಿರುವುದಿಲ್ಲ. ಹಳೆಯ ಮನೆಗಳಲ್ಲಿ ಕಬ್ಬಿಣದ ನಲ್ಲಿ ಕೊಳವೆಗೆ ಅರ್ಥ್ ಕಟ್ಟಿದ್ದು, ಮುಂದೆ ಪಿ.ವಿ.ಸಿ. ಕೊಳವೆ ಹಾಕಿದಾಗ ಆ ಸಂಪರ್ಕ ತಪ್ಪಿರುತ್ತದೆ. ಅಂಗಳಕ್ಕೆ ಸಿಮೆಂಟು ಹಾಕುವಾಗ ಅರ್ಥ್ ಗುಂಡಿ ಮುಚ್ಚಿಹೋಗಿ, ಮಣ್ಣು ಒಣಗಿರುತ್ತದೆ. ಒಣ ಮಣ್ಣಿನ ರೋಧ ಹೆಚ್ಚು. ಗುಂಡಿಗೆ ಇದ್ದಿಲು, ಉಪ್ಪು ತುಂಬಿ ಬೇಸಿಗೆಯಲ್ಲಿ ನೀರು ಹಾಕುವುದು ಇದಕ್ಕಾಗಿಯೇ.

ನೀವು ಇಷ್ಟು ಮಾಡಿ. ನಲ್ಲಿ ಅಥವಾ ಫ್ರಿಜ್ ಮುಟ್ಟಿದಾಗ ಕೈ ಜುಮ್ಮೆಂದರೆ ಸುಮ್ಮನಿರಬೇಡಿ, ಮನೆಯ ಹಿರಿಯರಿಗೆ ಕೂಡಲೇ ಹೇಳಿ. ಬಕೆಟ್ಟಿನ ನೀರು ಕಾಯಿಸುವ ಕಾಯಿಲ್ ಬಳಸಿದಾಗ, ಪ್ಲಗ್ ತೆಗೆಯದೆ ನೀರಿಗೆ ಕೈ ಹಾಕಬೇಡಿ. ಮನೆಯಲ್ಲಿ ಆರ್.ಸಿ.ಸಿ.ಬಿ. ಇದ್ದರೆ ಅದರ 'ಟೆಸ್ಟ್' ಗುಂಡಿಯನ್ನು ಆಗಾಗ ಒತ್ತಿ ನೋಡಲು ಹಿರಿಯರಿಗೆ ನೆನಪಿಸಿ. ಒತ್ತಿದೊಡನೆ ವಿದ್ಯುತ್ ನಿಲ್ಲಬೇಕು. ಯಾರಿಗಾದರೂ ಷಾಕ್ ಹೊಡೆದರೆ ಅವರನ್ನು ಮುಟ್ಟದೆ, ಮೊದಲು ಮೇನ್ ಸ್ವಿಚ್ ಆರಿಸಿ. ರಿಪೇರಿಗೆ ನೀವೇ ಕೈ ಹಾಕದೆ, ಲೈಸೆನ್ಸ್ ಪಡೆದ ಎಲೆಕ್ಟ್ರಿಷಿಯನ್ನರನ್ನು ಕರೆಸಿ.