ಮೀನಿನ ತೊಟ್ಟಿಗೆ ಮಳೆನೀರು: ಮೈಲುತುತ್ತದ ಬಗ್ಗೆ ಎಚ್ಚರ

ತೋಟದ ಮನೆಗಳ ಜಗಲಿಯಲ್ಲಿ ಬಣ್ಣದ ಮೀನಿನ ಗಾಜಿನ ತೊಟ್ಟಿ ಈಗ ಅಪರೂಪವಲ್ಲ. ಮಕ್ಕಳ ಹಟಕ್ಕೆಂದು ತಂದದ್ದು ಕ್ರಮೇಣ ಹಿರಿಯರ ಆರೈಕೆಗೆ ಬೀಳುತ್ತದೆ. ಮಾಡಿನಿಂದ ಧಾರಾಳವಾಗಿ ಇಳಿಯುವ ಮಳೆನೀರನ್ನೇ ಅದಕ್ಕೆ ತುಂಬಬಹುದೇ, ಗಾಜಿಗೆ ಹತ್ತುವ ಪಾಚಿಗೆ ಒಂದು ಚಿಟಿಕೆ ಮೈಲುತುತ್ತ ಹಾಕಿದರೆ ಹೇಗೆ ಎಂದು ಕೇಳುವವರುಂಟು. ಮೊದಲನೆಯದಕ್ಕೆ ನಮ್ಮ ಒಪ್ಪಿಗೆಯಿದೆ. ಎರಡನೆಯದು ಖಂಡಿತ ಕೂಡದು.

ಮಳೆನೀರಿನಲ್ಲಿ ಸುಣ್ಣದ ಅಂಶ ಇಲ್ಲವೆನ್ನುವಷ್ಟು ಕಡಿಮೆ. ಗಾಳಿಯ ಇಂಗಾಲದ ಡೈಆಕ್ಸೈಡ್ ಕರಗುವುದರಿಂದ ಶುದ್ಧ ಮಳೆನೀರಿನ ರಸಸಾರವೂ 5.6ರ ಆಸುಪಾಸಿನಲ್ಲಿರುತ್ತದೆ. ಮೀನಿನ ಮಲ, ಮಿಕ್ಕ ಆಹಾರ ಕೊಳೆತಂತೆ ತೊಟ್ಟಿಯಲ್ಲಿ ಹುಳಿ ಹೆಚ್ಚುತ್ತದೆ. ಅದನ್ನು ತಡೆಯುವ ಶಕ್ತಿ ಬರೀ ಮಳೆನೀರಿಗಿಲ್ಲ. ಆದಕಾರಣ ಅರ್ಧದಷ್ಟು ಬಾವಿ ನೀರು ಬೆರೆಸುವುದು ಕ್ಷೇಮ. ಜಂಬಿಟ್ಟಿಗೆ ನೆಲದ ಬಾವಿ ನೀರೂ ಅನೇಕ ಕಡೆ ಮೃದುವೇ. ಅಂಥಲ್ಲಿ ಚೆನ್ನಾಗಿ ತೊಳೆದ ಒಂದು ಹಿಡಿ ಮರುವಾಯಿ ಚಿಪ್ಪನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ ತೊಟ್ಟಿಯೊಳಗೆ ಇಡಬಹುದು. ಗಪ್ಪಿ, ಮೋಲಿಗಳಿಗೆ ಸುಣ್ಣದಂಶದ ನೀರು ಹಿತ. ಅಮೆಜಾನ್ ಮೂಲದ ನಿಯಾನ್ ಟೆಟ್ರಾ, ಏಂಜೆಲ್ ಮೀನುಗಳು ಮೃದು ನೀರಿಗೆ ಒಗ್ಗುತ್ತವೆ.

ಇನ್ನು ತಾಮ್ರದ ವಿಚಾರ. ಕೊಳೆರೋಗಕ್ಕೆ ಕಿಲೋಗಟ್ಟಲೆ ಮೈಲುತುತ್ತ ಕಲಸುವ ನಮಗೆ ಒಂದು ಚಿಟಿಕೆ ಲೆಕ್ಕಕ್ಕೇ ಇಲ್ಲ. ಮೀನಿಗೆ ಹಾಗಲ್ಲ. ಮೈಲುತುತ್ತದಲ್ಲಿ ಕಾಲು ಭಾಗ ತಾಮ್ರ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಯಲ್ಲಿ ಸುಮಾರು 50 ಲೀಟರು ನೀರು ನಿಲ್ಲುತ್ತದೆ. ಅದಕ್ಕೆ 1 ಗ್ರಾಂ ಹಾಕಿದರೆ ಲೀಟರಿಗೆ 5 ಮಿಲಿಗ್ರಾಂ ತಾಮ್ರವಾಯಿತು. ಮೃದು ನೀರಿನಲ್ಲಿ 1 ಮಿಲಿಗ್ರಾಮಿಗಿಂತ ಎಷ್ಟೋ ಕಡಿಮೆ ತಾಮ್ರವೇ ಅನೇಕ ಮೀನುಗಳನ್ನು ಕೊಲ್ಲಬಲ್ಲದು. ಗಡಸು ನೀರಿನ ಸುಣ್ಣದಂಶ ಕಿವಿರುಗಳಿಗೆ ತಕ್ಕಮಟ್ಟಿನ ರಕ್ಷಣೆ ಕೊಡುತ್ತದೆ. ಮಳೆನೀರಿನಲ್ಲಿ ಆ ರಕ್ಷಣೆಯಿಲ್ಲ. ಪಾಚಿ ತಿನ್ನುವ ಬಸವನಹುಳುಗಳೂ ಸಾಯುತ್ತವೆ.

ನಾವು ಹಾಕದೆಯೂ ತಾಮ್ರ ಬರುವ ದಾರಿಗಳಿವೆ ಎಂಬುದನ್ನು ಮರೆಯಬಾರದು. ಮಳೆಗಾಲಕ್ಕೆ ಮುಂಚೆ ಒಮ್ಮೆ, 40-45 ದಿನಗಳ ಬಳಿಕ ಇನ್ನೊಮ್ಮೆ ಅಡಿಕೆಗೆ ಬೋರ್ಡೋ ಹೊಡೆಯುತ್ತೇವೆ. ತೋಟ ಮನೆಗೆ ತಾಗಿದ್ದರೆ ಅದರ ಹನಿ ಹಂಚಿನ ಮೇಲೂ ಕೂರುತ್ತದೆ, ಮಳೆಗೆ ಸ್ವಲ್ಪಸ್ವಲ್ಪವೇ ಕರಗುತ್ತದೆ. ಸಿಂಪಡಣೆಯ ನಂತರ ಕೆಲವು ಒಳ್ಳೆಯ ಮಳೆ ಸುರಿದು ಮಾಡು ತೊಳೆದುಹೋಗುವ ತನಕ ಆ ನೀರನ್ನು ಮೀನಿಗೆ ಹಿಡಿಯಬೇಡಿ. ಔಷಧಿ ಕಲಸಿದ ಡ್ರಮ್ಮು, ಬಕೆಟು ಎಷ್ಟು ತೊಳೆದರೂ ಈ ಕೆಲಸಕ್ಕೆ ಬೇಡ. ಬಚ್ಚಲಿನ ತಾಮ್ರದ ಹಂಡೆಯಲ್ಲಿ ಇರಿಸಿದ ಮಳೆನೀರೂ ಬೇಡ. ಹೊಸ ಸತುವಿನ ತಗಡಿನ ಮಾಡಿನ ನೀರನ್ನೂ ಬಿಡಿ. ಸತುವೂ ಮೀನಿಗೆ ವಿಷವೇ. ಹಂಚಿನ ಮಾಡು, ಅಡಿಕೆ ದಂಬೆ, ಪ್ಲಾಸ್ಟಿಕ್ ಪೀಪಾಯಿ ಆಗಬಹುದು.

ಹಾಗಾದರೆ ಪಾಚಿಗೆ ಏನು ಮಾಡಬೇಕು? ಪಾಚಿಗೆ ಬೇಕಾದ್ದು ಬೆಳಕು ಮತ್ತು ಗೊಬ್ಬರ. ಎರಡನ್ನೂ ಕೊಡುವವರು ನಾವೇ. ಜಗಲಿಯ ತೊಟ್ಟಿಗೆ ನೇರ ಬಿಸಿಲು ಬೀಳುತ್ತಿದ್ದರೆ ಮೊದಲು ಒಳಗೆ ಸರಿಸಿ. ದೀಪ ಹಾಕುವವರು ದಿನಕ್ಕೆ 6ರಿಂದ 8 ಗಂಟೆಗೆ ನಿಲ್ಲಿಸಿ. ಎರಡು ಮೂರು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ ಸಾಕು (ಮನೆಗೆ ಬಂದ ನೆಂಟರೆಲ್ಲ ಒಂದೊಂದು ಚಿಟಿಕೆ ಹಾಕುವುದೇ ದೊಡ್ಡ ಉಪದ್ರವ). ವ್ಯಾಲಿಸ್ನೇರಿಯಾದಂಥ ನೀರಗಿಡ ನೆಟ್ಟರೆ ಪಾಚಿಯ ಪಾಲಿನ ಗೊಬ್ಬರವನ್ನು ಅದು ಹೀರುತ್ತದೆ. ಗಾಜಿಗೆ ಹತ್ತಿದ್ದನ್ನು ಸಾಬೂನು ಕಾಣದ ಸ್ಪಂಜಿನಿಂದ ಉಜ್ಜಿ ತೆಗೆಯಿರಿ.

ನೀರೇ ಹಸಿರಾಗಿದ್ದರೆ ಮೂರು ನಾಲ್ಕು ದಿನ ದಪ್ಪ ಕಪ್ಪು ಬಟ್ಟೆ ಹೊದಿಸಿ ಕತ್ತಲೆ ಮಾಡಬೇಕು. ಗಾಳಿಯ ಪಂಪು ಆ ದಿನಗಳಲ್ಲಿ ನಿಲ್ಲಬಾರದು. ಸತ್ತ ಪಾಚಿ ಕೊಳೆಯುವಾಗ ನೀರಿನ ಆಮ್ಲಜನಕ ಕಡಿಮೆಯಾಗುತ್ತದೆ. ಬಳಿಕ ಕಾಲು ಭಾಗ ನೀರು ಬದಲಿಸಿ, ವಾರಕ್ಕೊಮ್ಮೆ ಹಾಗೆಯೇ ಮುಂದುವರಿಸಿ. ಒಮ್ಮೆಲೇ ಪೂರ್ತಿ ಬದಲಿಸಿದರೆ ಮೀನು ತಡೆಯದು. ತೆಗೆದ ನೀರನ್ನು ಮೋರಿಗೆ ಚೆಲ್ಲಬೇಕಿಲ್ಲ, ನರ್ಸರಿಯ ಕಾಫಿ ಸಸಿಗಳಿಗೆ ಹಾಕಬಹುದು.